ಕಥೆಯಿಂದ ಬಂದ ಹೆಸರು: ರಾಣಿ ಕಲಾಫಿಯಾ ಮತ್ತು ನಮ್ಮ ಕ್ಯಾಲಿಫೋರ್ನಿಯಾ



ಹಿರಿಯ ತರಗತಿಗೆ ಬರುವ ನಿಮ್ಮ ಚೀಲಗಳಲ್ಲಿ ಕನ್ನಡ ಪುಸ್ತಕದ ಪಕ್ಕದಲ್ಲೇ ಒಂದು ದಪ್ಪ ಇಂಗ್ಲಿಷ್ ಕಾದಂಬರಿ ಇಣುಕುವುದನ್ನು ನಾವು ಬಲ್ಲೆವು. ಡ್ರ್ಯಾಗನ್ನುಗಳು, ಮಾಂತ್ರಿಕರು, ಹದಿನೈದು ಹದಿನಾರರ ವೀರರು ಅದರಲ್ಲಿ ತುಂಬಿರುತ್ತಾರೆ. ಕೆಲವು ಕಥೆಗಳಲ್ಲಿ ಇತಿಹಾಸವೂ ಬೇರೆ ದಾರಿ ಹಿಡಿದಿರುತ್ತದೆ. ಸೋತ ರಾಜ ಗೆದ್ದಿರುತ್ತಾನೆ, ಮುಳುಗಿದ ಊರು ಎದ್ದು ನಿಂತಿರುತ್ತದೆ. 1565ರ ತಾಳಿಕೋಟೆಯ ಯುದ್ಧದಲ್ಲಿ ವಿಜಯನಗರ ಗೆದ್ದಿದ್ದರೆ ಏನಾಗುತ್ತಿತ್ತು ಎಂದು ಕಲ್ಪಿಸಿದಂತೆ! ಇವನ್ನೆಲ್ಲ ಓದುವುದು ಕಾಲಹರಣವೆಂದು ಮನೆಯಲ್ಲಿ ಹಿರಿಯರು ಗದರುವುದೂ ಉಂಟು. ಹಿರಿಯರಿಗೂ ಕಿರಿಯರಿಗೂ ನಾವು ಒಂದು ಸಂಗತಿ ಹೇಳಬಯಸುತ್ತೇವೆ. ನಾವೆಲ್ಲ ಮನೆ ಮಾಡಿಕೊಂಡಿರುವ ಈ ರಾಜ್ಯದ ಹೆಸರೇ ಅಂಥ ಒಂದು ಕಾದಂಬರಿಯಿಂದ ಬಂದದ್ದು.

ಪುಸ್ತಕ ಮತ್ತು ಅದರ ಕಾಲ

ಸ್ಪೇನ್ ದೇಶದ ಮೆದಿನಾ ದೆಲ್ ಕಾಂಪೊ ಎಂಬ ಊರಿನ ಪುರಸಭೆಯ ಸದಸ್ಯ ಗಾರ್ಸಿ ರೋದ್ರಿಗೆಸ್ ದೆ ಮೊಂತಾಲ್ವೊ. ಅವನು ಬರೆದ ‘ಲಾಸ್ ಸೆರ್ಗಾಸ್ ದೆ ಎಸ್ಪ್ಲಾಂದಿಯಾನ್’, ಅಂದರೆ ಎಸ್ಪ್ಲಾಂದಿಯಾನನ ಸಾಹಸಗಳು, ಈ ಕಾದಂಬರಿ. ಇಂದು ಉಳಿದಿರುವ ಅತಿ ಹಳೆಯ ಮುದ್ರಣ 1510ರದು. ನಮ್ಮ ನಾಡಿನ ಲೆಕ್ಕದಲ್ಲಿ ಹೇಳುವುದಾದರೆ, ಕೃಷ್ಣದೇವರಾಯ ಪಟ್ಟಕ್ಕೆ ಬಂದ ಮರುವರ್ಷ, ಪೋರ್ಚುಗೀಸರು ಗೋವೆಯನ್ನು ಹಿಡಿದ ವರ್ಷ.

ಕಥಾನಾಯಕ ಎಸ್ಪ್ಲಾಂದಿಯಾನ್ ಒಬ್ಬ ತರುಣ ಯೋಧ. ಶಿಶುವಾಗಿದ್ದಾಗ ಸಿಂಹಿಣಿ ಹಾಲೂಡಿಸಿತ್ತು, ಸಂನ್ಯಾಸಿಯೊಬ್ಬ ಸಾಕಿ ಬೆಳೆಸಿದ್ದ. ಸಹಾಯಕ್ಕೆ ಉರ್ಗಾಂದಾ ಎಂಬ ಮಂತ್ರಗಾತಿ ಇದ್ದಾಳೆ. ನೀವು ಓದುವ ಕಾದಂಬರಿಗಳ ಸಾಮಗ್ರಿಯೆಲ್ಲ ಇಲ್ಲಿ ಆಗಲೇ ಸಿದ್ಧವಾಗಿದೆಯಲ್ಲವೇ?

ಇನ್ನೂ ಮುಖ್ಯವಾದದ್ದು ಕಥೆಯ ಕೊನೆಯ ದೊಡ್ಡ ಯುದ್ಧ. ಕಾನ್‌ಸ್ಟಾಂಟಿನೋಪಲ್ ನಗರವನ್ನು ತುರ್ಕರು 1453ರಲ್ಲಿ ಗೆದ್ದುಕೊಂಡರು. ಇದು ನಡೆದ ಇತಿಹಾಸ. ಕಾದಂಬರಿಯಲ್ಲಿ ಮಾತ್ರ ಮುತ್ತಿಗೆ ಹಾಕಿದವರು ಸೋಲುತ್ತಾರೆ, ನಗರ ಉಳಿಯುತ್ತದೆ. ನೋವು ಕೊಟ್ಟ ಸೋಲನ್ನು ಲೇಖಕ ಕಾಗದದ ಮೇಲೆ ಗೆಲುವಾಗಿ ತಿದ್ದಿಬಿಟ್ಟ!

ರಾಣಿ ಕಲಾಫಿಯಾ

ಆ ಯುದ್ಧಕ್ಕೆ ಮುತ್ತಿಗೆಯವರ ಪರವಾಗಿ ಬರುವವಳೇ ಕಲಾಫಿಯಾ. ಇಂಡಿಯಾದ ಬಲಗಡೆ, ಭೂಸ್ವರ್ಗಕ್ಕೆ ಸಮೀಪದಲ್ಲಿ ‘ಕ್ಯಾಲಿಫೋರ್ನಿಯಾ’ ಎಂಬ ದ್ವೀಪವಿದೆ ಎನ್ನುತ್ತಾನೆ ಲೇಖಕ. ಅಲ್ಲಿ ಇರುವವರೆಲ್ಲ ಕಪ್ಪು ಬಣ್ಣದ ವೀರ ಸ್ತ್ರೀಯರು. ದ್ವೀಪದಲ್ಲಿ ಸಿಗುವ ಲೋಹ ಚಿನ್ನವೊಂದೇ, ಆದ್ದರಿಂದ ಅವರ ಆಯುಧಗಳೂ ಚಿನ್ನದವು. ಅವರು ಸಾಕಿದ ಗ್ರಿಫಿನ್ ಪಕ್ಷಿಗಳಿಗೆ ಸಿಂಹದ ಮೈ, ಹದ್ದಿನ ತಲೆ ಮತ್ತು ರೆಕ್ಕೆ. ನಮ್ಮ ಗಂಡಭೇರುಂಡದ ದೂರದ ನೆಂಟನೆನ್ನಿ.

ಗಂಡಸರನ್ನು ಕಂಡರೆ ಕೊಲ್ಲುವಂತೆ ಆ ಪಕ್ಷಿಗಳಿಗೆ ಕಲಿಸಲಾಗಿತ್ತು. ಕಲಾಫಿಯಾ ಅವನ್ನು ಯುದ್ಧದಲ್ಲಿ ಬಿಟ್ಟಳು. ಅವು ಕೋಟೆಯ ಮೇಲಿನ ಶತ್ರುಗಳನ್ನು ಎತ್ತಿ ಬಿಸಾಡಿದವು. ಆದರೆ ತುರ್ಕ ಸೈನಿಕರು ಗೋಡೆ ಹತ್ತಿದಾಗ ಅವರನ್ನೂ ಬಿಡಲಿಲ್ಲ, ಏಕೆಂದರೆ ಅವರೂ ಗಂಡಸರೇ! ಮಿತ್ರ ಯಾರು, ಶತ್ರು ಯಾರು ಎಂಬುದನ್ನು ಅವಕ್ಕೆ ಯಾರೂ ಕಲಿಸಿರಲಿಲ್ಲ. ಕೊನೆಗೆ ಕಲಾಫಿಯಾ ದ್ವಂದ್ವಯುದ್ಧದಲ್ಲಿ ಸೋತು, ಕ್ರೈಸ್ತಳಾಗಿ, ಗೆದ್ದವರ ಕಡೆಯ ಯೋಧನೊಬ್ಬನನ್ನು ಮದುವೆಯಾಗುತ್ತಾಳೆ.

ನಮ್ಮ ಪ್ರಮೀಳೆ

ಕನ್ನಡ ಬಲ್ಲವರಿಗೆ ಇಲ್ಲಿ ಪ್ರಮೀಳೆಯ ನೆನಪಾಗದೆ ಇರದು. ಲಕ್ಷ್ಮೀಶನ ‘ಜೈಮಿನಿ ಭಾರತ’ದಲ್ಲಿ ಅಶ್ವಮೇಧದ ಕುದುರೆ ಸ್ತ್ರೀರಾಜ್ಯಕ್ಕೆ ನುಗ್ಗುತ್ತದೆ. ರಾಣಿ ಪ್ರಮೀಳೆ ಅದನ್ನು ಕಟ್ಟಿಹಾಕಿ ಅರ್ಜುನನನ್ನು ಎದುರಿಸುತ್ತಾಳೆ. ಅರ್ಜುನನ ಬಾಣ ಅಲ್ಲಿ ನಡೆಯುವುದಿಲ್ಲ. ಆ ಕಥೆಯೂ ಮದುವೆಯಲ್ಲೇ ಮುಗಿಯುತ್ತದೆ. ಯಕ್ಷಗಾನದಲ್ಲಿ ಈ ಪ್ರಸಂಗವನ್ನು ನೋಡಿದವರು ನಿಮ್ಮ ಮನೆಯಲ್ಲೇ ಇರಬಹುದು, ಕೇಳಿ ನೋಡಿ. ಎರಡು ದೂರದ ನಾಡುಗಳ ಕವಿಗಳು ಸ್ವತಂತ್ರಳಾದ ರಾಣಿಯನ್ನು ಬೆರಗಿನಿಂದ ಚಿತ್ರಿಸಿದರು, ಆದರೆ ಕಡೆಯಲ್ಲಿ ಆಕೆಯನ್ನು ಹಾಗೆಯೇ ಬಿಡಲು ಇಬ್ಬರಿಗೂ ಮನಸ್ಸಾಗಲಿಲ್ಲ.

ಹೆಸರು ನೆಲಕ್ಕೆ ಇಳಿದದ್ದು

ಮೆಕ್ಸಿಕೊವನ್ನು ಗೆದ್ದ ಸ್ಪೇನ್ ಸೈನಿಕರು ಇಂಥ ಕಥೆಗಳನ್ನು ಕೇಳಿ ಬೆಳೆದವರು. 1533ರಲ್ಲಿ ಅವರ ಹಡಗೊಂದು ಪಶ್ಚಿಮದ ಒಂದು ಒಣ ನೆಲವನ್ನು ಮುಟ್ಟಿತು. ಅದನ್ನು ದ್ವೀಪವೆಂದೇ ಅವರು ಭಾವಿಸಿದರು. ಕಥೆಯ ದ್ವೀಪದ ಹೆಸರು ಅದಕ್ಕೆ ಅಂಟಿಕೊಂಡಿತು. 1542ರ ಸೆಪ್ಟೆಂಬರ್ 28ರಂದು ಕಬ್ರಿಯೊ ಎಂಬ ನಾವಿಕ ಇಂದಿನ ಸ್ಯಾನ್ ಡಿಯಾಗೊ ಬಂದರಿಗೆ ಬಂದನು. ಪಾಯಿಂಟ್ ಲೋಮಾದ ತುದಿಯಲ್ಲಿರುವ ಸ್ಮಾರಕ ಅವನದೇ. ಕೆಲವು ದಿನಗಳ ನಂತರ ಲಾಸ್ ಏಂಜಲೀಸ್ ಬಳಿಯ ಕೊಲ್ಲಿಯಲ್ಲಿ ಹೊಗೆ ಏಳುವುದನ್ನು ಕಂಡು ಅದನ್ನು ‘ಹೊಗೆಗಳ ಕೊಲ್ಲಿ’ ಎಂದು ಕರೆದನು.

ಕಲ್ಪನೆಯ ಹಿಡಿತ ಎಷ್ಟು ಬಲವಾಗಿತ್ತೆಂದರೆ, ಹದಿನೇಳನೆಯ ಶತಮಾನದ ಎಷ್ಟೋ ನಕ್ಷೆಗಳಲ್ಲಿ ಕ್ಯಾಲಿಫೋರ್ನಿಯಾ ದ್ವೀಪವಾಗಿಯೇ ಇದೆ. ಅದು ದ್ವೀಪವಲ್ಲವೆಂದು 1747ರಲ್ಲಿ ಸ್ಪೇನಿನ ದೊರೆಯೇ ಆಜ್ಞೆ ಹೊರಡಿಸಬೇಕಾಯಿತು! ಇಂಥ ಕಥೆಪುಸ್ತಕಗಳನ್ನು ಅಮೆರಿಕದ ವಸಾಹತುಗಳಿಗೆ ಸಾಗಿಸಬಾರದೆಂದು 1531ರಲ್ಲಿ ರಾಜಾಜ್ಞೆಯೂ ಆಗಿತ್ತು. ಅಂದರೆ ಗದರುವ ಹಿರಿಯರು ಆಗಲೂ ಇದ್ದರು. 1605ರ ‘ದೋನ್ ಕಿಹೋತೆ’ಯಲ್ಲಿ ಪಾದ್ರಿ ಬೆಂಕಿಗೆ ಹಾಕಿಸುವ ಮೊದಲ ಪುಸ್ತಕವೂ ಇದೇ. ಪುಸ್ತಕ ಮರೆತುಹೋಯಿತು, ಹೆಸರು ಉಳಿಯಿತು. ಎಡ್ವರ್ಡ್ ಎವರೆಟ್ ಹೇಲ್ ಎಂಬ ಲೇಖಕ 1862ರಲ್ಲಿ ಈ ನಂಟನ್ನು ಮತ್ತೆ ಗುರುತಿಸಿದನು.

ಕಥೆಯಲ್ಲಿ ಇಲ್ಲದವರು

ಈಗ ಪಾಠದ ಮುಖ್ಯ ಭಾಗಕ್ಕೆ ಬರೋಣ. ಆ ಹೊಗೆ ಯಾರ ಒಲೆಯದು? ಸ್ಯಾನ್ ಡಿಯಾಗೊದಲ್ಲಿ ಕುಮೆಯಾಯ್ ಜನ, ಲಾಸ್ ಏಂಜಲೀಸ್ ಸುತ್ತ ಟೋಂಗ್ವಾ ಜನ ಬಹು ಕಾಲದಿಂದ ಬಾಳುತ್ತಿದ್ದರು. ಅವರ ಬಳಿ ಚಿನ್ನದ ಆಯುಧವೂ ಇರಲಿಲ್ಲ, ಗ್ರಿಫಿನ್ನೂ ಇರಲಿಲ್ಲ. ಕಥೆ ಅವರಿಗೆ ಜಾಗ ಕೊಡಲಿಲ್ಲ, ಅವರ ನೆಲಕ್ಕೆ ಹೆಸರು ಮಾತ್ರ ಕೊಟ್ಟಿತು.

1771ರಲ್ಲಿ ಸ್ಪೇನಿನವರು ಸ್ಯಾನ್ ಗೇಬ್ರಿಯಲ್ ಮಿಷನ್ ಸ್ಥಾಪಿಸಿದರು. 1785ರಲ್ಲಿ ಅದರ ವಿರುದ್ಧ ಬಂಡಾಯಕ್ಕೆ ಜನರನ್ನು ಒಗ್ಗೂಡಿಸಿದವರಲ್ಲಿ ತೊಯ್‌ಪುರಿನಾ ಎಂಬ ಟೋಂಗ್ವಾ ತರುಣಿ ಪ್ರಮುಖಳು. ಆಕೆಗೆ ಆಗ ಸುಮಾರು ಇಪ್ಪತ್ತೈದು ವರ್ಷ. ಸುದ್ದಿ ಮೊದಲೇ ತಿಳಿದು ಬಂಡಾಯ ವಿಫಲವಾಯಿತು. ಆಕೆಯನ್ನು ಸೆರೆಹಿಡಿದು, ವಿಚಾರಣೆ ಮಾಡಿ, ತವರಿನಿಂದ ಉತ್ತರದ ದೂರದ ಮಿಷನ್ನಿಗೆ ಗಡೀಪಾರು ಮಾಡಿದರು. ಆಕೆಗೆ ಕ್ರೈಸ್ತ ದೀಕ್ಷೆಯಾಯಿತು. 1789ರಲ್ಲಿ ಸ್ಪೇನಿನ ಸೈನಿಕನೊಬ್ಬನೊಡನೆ ಮದುವೆಯಾಯಿತು. 1799ರಲ್ಲಿ ತೀರಿಕೊಂಡಳು. ದೀಕ್ಷೆಯಲ್ಲಿ ಆಕೆಗೆ ಕೊಟ್ಟ ಹೆಸರು ರೆಜಿನಾ. ಆ ಪದದ ಅರ್ಥ ‘ರಾಣಿ’!

ಸೋಲು, ದೀಕ್ಷೆ, ಗೆದ್ದವರೊಡನೆ ಮದುವೆ. 1510ರ ಕಾದಂಬರಿಯಲ್ಲಿ ಕಲಾಫಿಯಾಳಿಗೆ ಬರೆದಿಟ್ಟ ಕೊನೆ, ಸುಮಾರು 280 ವರ್ಷಗಳ ನಂತರ ನಿಜವಾದ ಹೆಣ್ಣುಮಗಳೊಬ್ಬಳ ಬಾಳಿನಲ್ಲಿ ನಡೆಯಿತು. ಕಾದಂಬರಿಯಿಂದಲೇ ಹೀಗಾಯಿತೆಂದು ನಾವು ಹೇಳುತ್ತಿಲ್ಲ. ಆದರೆ ಗೆದ್ದವರು ಎಂಥ ಕೊನೆಯನ್ನು ‘ಸುಖಾಂತ್ಯ’ ಎಂದು ಭಾವಿಸುತ್ತಿದ್ದರು ಎಂಬುದನ್ನು ಆ ಕಥೆ ಮೊದಲೇ ತೋರಿಸಿಕೊಟ್ಟಿತ್ತು. ತೊಯ್‌ಪುರಿನಾಳಿಗೆ ಅದು ಸುಖವಾಗಿತ್ತೇ ಎಂದು ಯಾರೂ ಬರೆದಿಡಲಿಲ್ಲ.

ಹಾಗಾದರೆ ಓದಬೇಕೇ, ಬೇಡವೇ?

ಖಂಡಿತ ಓದಬೇಕು. ನಡೆಯದಿದ್ದುದನ್ನು ಕಲ್ಪಿಸುವುದು ತಪ್ಪಲ್ಲ, ನಮ್ಮ ಪುರಾಣಗಳೂ ಜನಪದ ಕಥೆಗಳೂ ಅದನ್ನೇ ಮಾಡಿವೆ. ಮಹಿಷಾಸುರನ ಕಥೆಯಿಂದ ಮೈಸೂರಿಗೆ ಹೆಸರು ಬಂತೆನ್ನುತ್ತಾರೆ. ಹಂಪೆಯ ಎದುರಿನ ಆನೆಗೊಂದಿಯನ್ನು ಕಿಷ್ಕಿಂಧೆ ಎನ್ನುತ್ತಾರೆ. ಆದರೆ ಓದುವಾಗ ಮೂರು ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದಿರಿ. ಇತಿಹಾಸದ ಯಾವ ಭಾಗವನ್ನು ಲೇಖಕ ಬದಲಿಸಿದ್ದಾನೆ? ಆ ಬದಲಾವಣೆಯಿಂದ ಯಾರಿಗೆ ಸಂತೋಷ? ಕಥೆಯಿಂದ ಯಾರು ಕಾಣೆಯಾಗಿದ್ದಾರೆ?

ಸ್ಯಾನ್ ಡಿಯಾಗೊ ಕೌಂಟಿಯ ಎಸ್ಕೊಂಡಿಡೊ ಊರಿನ ಕಿಟ್ ಕಾರ್ಸನ್ ಉದ್ಯಾನದಲ್ಲಿ ನೀಕಿ ದ ಸೇಂಟ್ ಫಾಲ್ ಎಂಬ ಕಲಾವಿದೆ ರೂಪಿಸಿದ ‘ರಾಣಿ ಕಲಿಫಿಯಾಳ ಮಾಯಾವೃತ್ತ’ವಿದೆ. ಕಲಾವಿದೆ 2002ರಲ್ಲಿ ತೀರಿಕೊಂಡ ಮೇಲೆ, 2003ರಲ್ಲಿ ಅದು ತೆರೆಯಿತು. ಸುತ್ತಲೂ ಹಾವಿನಾಕಾರದ ಬಣ್ಣದ ಗೋಡೆ, ನಡುವೆ ಹದ್ದಿನ ಮೇಲೆ ನಿಂತ ರಾಣಿ. ಅಲ್ಲಿ ಆಕೆ ಸೋತಿಲ್ಲ, ಯಾರಿಗೂ ತಲೆಬಾಗಿಲ್ಲ. ಹಳೆಯ ಕಥೆಯ ಕೊನೆಯನ್ನು ಬದಲಿಸುವ ಹಕ್ಕು ಮುಂದಿನವರಿಗೆ ಇದ್ದೇ ಇರುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. ತೆರೆದಿರುವ ದಿನ ವಿಚಾರಿಸಿಕೊಂಡು ತಂದೆತಾಯಿಯರೊಡನೆ ಹೋಗಿ ಬನ್ನಿ. ಬರುವಾಗ ದಾರಿಯಲ್ಲಿ ತೊಯ್‌ಪುರಿನಾಳ ಕಥೆಯನ್ನು ನೀವೇ ಅವರಿಗೆ ಹೇಳಿ, ಕನ್ನಡದಲ್ಲಿ.

ಅಭ್ಯಾಸ

1. ಗ್ರಿಫಿನ್ನುಗಳು ಮಿತ್ರರನ್ನೂ ಏಕೆ ಕೊಂದವು? ಈ ಪ್ರಸಂಗದಿಂದ ನಿಮಗೆ ತೋರುವ ನೀತಿಯನ್ನು ಬರೆಯಿರಿ.
2. ಪ್ರಮೀಳೆ ಮತ್ತು ಕಲಾಫಿಯಾ ಭೇಟಿಯಾದರೆ ಏನು ಮಾತಾಡಿಕೊಂಡಾರು? ಹತ್ತು ಸಾಲಿನ ಸಂಭಾಷಣೆ ರಚಿಸಿ.
3. ಕಬ್ರಿಯೊನ ಹಡಗು ಬಂದ ದಿನವನ್ನು ದಡದಲ್ಲಿ ನಿಂತ ಕುಮೆಯಾಯ್ ಬಾಲಕಿಯ ಕಣ್ಣಿನಿಂದ ವರ್ಣಿಸಿ.
4. ನೀವು ಈಚೆಗೆ ಓದಿದ ಒಂದು ಕಾದಂಬರಿಗೆ ಮೇಲಿನ ಮೂರು ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ತರಗತಿಯಲ್ಲಿ ಹೇಳಿ.