ಹಿತ್ತಿಲ ಪಾಠ

ಮೂರು ದಶಕಗಳಿಗೂ ಹೆಚ್ಚು ಕಾಲ ಕನ್ನಡ ಪಾಠ ಹೇಳಿದ ನಾನು ತರಗತಿಯಲ್ಲಿ ಗಾದೆಗಳನ್ನು ಧಾರಾಳವಾಗಿ ಬಳಸುತ್ತಿದ್ದೆ. ‘ಕೋಳಿಯ ಕಾಲಿಗೆ ಗೆಜ್ಜೆ ಕಟ್ಟಿದರೆ ತಿಪ್ಪೆ ಕೆದರುವುದನ್ನು ಬಿಟ್ಟೀತೆ?’ ಎಂಬುದು ಅವುಗಳಲ್ಲೊಂದು. ಎಷ್ಟು ಹೇಳಿದರೂ ಪಾಠ ತಲೆಗೆ ಹತ್ತದ ಹುಡುಗರ ಮೇಲೆ ಅದನ್ನು ಪ್ರಯೋಗಿಸುವುದು ನನ್ನ ವಾಡಿಕೆ. ಒಮ್ಮೆ ಒಂಬತ್ತನೆಯ ತರಗತಿಯಲ್ಲಿ ಹಳಗನ್ನಡ ಪದ್ಯವೊಂದನ್ನು ವಿವರಿಸುತ್ತಿದ್ದಾಗ, ಕಡೆಯ ಬೆಂಚಿನ ಹುಡುಗನೊಬ್ಬನು ಕಿಟಕಿಯ ಆಚೆಗೆ ದೃಷ್ಟಿ ನೆಟ್ಟು ಕುಳಿತಿದ್ದನು. “ಅಲ್ಲೇನು ಕಾಣುತ್ತಿದೆಯೋ?” ಎಂದು ಗದರಿದೆ. ಅವನು ಎದ್ದುನಿಂತು, “ಕೋಳಿ ತನ್ನ ಮರಿಗಳಿಗೆ ಪಾಠ ಹೇಳಿಕೊಡ್ತಾ ಇದೆ, ಸಾರ್” ಎಂದನು. ತರಗತಿಯೆಲ್ಲ ಘೊಳ್ಳೆಂದು ನಕ್ಕಿತು. ನಾನು ಆ ಗಾದೆಯನ್ನು ಹೇಳಿ, “ನೀನೂ ಹೋಗಿ ಆ ಮರಿಗಳ ಜೊತೆಗೆ ಕುಳಿತುಕೋ” ಎಂದೆ. ನಗು ಇಮ್ಮಡಿಯಾಯಿತು. ಹುಡುಗನು ತಲೆ ತಗ್ಗಿಸಿ ಕುಳಿತನು. ಆ ವರ್ಷವೆಲ್ಲ ಅವನು ನನ್ನ ಪಾಠದ ವೇಳೆಯಲ್ಲಿ ತಾನಾಗಿ ಒಂದು ಮಾತನ್ನೂ ಆಡಲಿಲ್ಲ.

ನಿವೃತ್ತನಾಗಿ ಹಳ್ಳಿಯ ಮನೆಯಲ್ಲಿ ನೆಲೆಸಿದ ಮೇಲೆ, ನೆರೆಮನೆಯ ಅಜ್ಜಿ ಪಟ್ಟಣದಲ್ಲಿರುವ ಮಗನ ಬಳಿಗೆ ಹೊರಟುನಿಂತರು. ಹೋಗುವಾಗ ತಮ್ಮ ಎರಡು ಹೇಂಟೆಗಳನ್ನೂ ಒಂದು ಹುಂಜವನ್ನೂ ನಮ್ಮ ಹಿತ್ತಿಲಿಗೆ ತಂದುಬಿಟ್ಟು, “ಇವನ್ನು ಮಾರೋಕೆ ನನಗೆ ಮನಸ್ಸು ಬರ್ತಿಲ್ಲ, ಮೇಷ್ಟ್ರೇ. ನೀವೇ ನೋಡ್ಕೊಳ್ಳಿ” ಎಂದರು. ಕೋಳಿಗಳಲ್ಲಿ ನನಗೆ ಆಸಕ್ತಿಯೇನೂ ಇರಲಿಲ್ಲ. ಅಜ್ಜಿಯ ಮಾತನ್ನು ತೆಗೆದುಹಾಕಲಾರದೆ ಒಪ್ಪಿಕೊಂಡೆ.

ಹೇಂಟೆಗಳಲ್ಲಿ ಒಂದು ಕೆಂಪಿ, ಇನ್ನೊಂದು ಚುಕ್ಕಿ. ಕೆಂಪಿಯದು ಬಲು ಸಲಿಗೆಯ ಸ್ವಭಾವ. ಮಧ್ಯಾಹ್ನ ನಾನು ಜಗಲಿಯ ಕುರ್ಚಿಯಲ್ಲಿ ಪತ್ರಿಕೆ ಹಿಡಿದು ಕುಳಿತೊಡನೆ ಅದು ಎಲ್ಲಿದ್ದರೂ ಓಡಿಬರುತ್ತದೆ. ಒಂದೇ ನೆಗೆತಕ್ಕೆ ಮಡಿಲನ್ನೇರುತ್ತದೆ. ಕೋಳಿಯ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ, ಕತ್ತನ್ನು ಓರೆ ಮಾಡಿ ಒಂದೇ ಕಣ್ಣಿನಿಂದ ನನ್ನ ಮುಖವನ್ನು ಪರೀಕ್ಷಿಸುತ್ತದೆ. ಆಗೆಲ್ಲ ನನಗೆ ಶಾಲಾ ತನಿಖೆಗೆ ಬರುತ್ತಿದ್ದ ಇನ್‌ಸ್ಪೆಕ್ಟರರ ನೆನಪಾಗುವುದುಂಟು. ಅನಂತರ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಕುಕ್ಕಿ, ಅವು ಕಾಳುಗಳಲ್ಲವೆಂದು ಖಚಿತವಾದ ಮೇಲೆ ಕಣ್ಣು ಮುಚ್ಚಿ ಕುಳಿತುಬಿಡುತ್ತದೆ. ನಿನ್ನೆಯೂ ಅವೇ ಗುಂಡಿಗಳಿದ್ದುವೆಂಬುದನ್ನು ಅದು ಲೆಕ್ಕಿಸುವುದಿಲ್ಲ. ಇದು ಪ್ರೀತಿಯೋ ಕಾಳಿನ ಆಸೆಯೋ ಎಂಬ ಸಂದೇಹ ನನಗೂ ಬಂದಿತು. ಒಂದು ವಾರ ಬರಿಗೈಯಲ್ಲಿ ಕುಳಿತು ನೋಡಿದೆ. ಕೆಂಪಿ ಒಂದು ದಿನವೂ ತಪ್ಪಿಸಲಿಲ್ಲ.

ಚುಕ್ಕಿಯ ರೀತಿಯೇ ಬೇರೆ. ಮೊಟ್ಟೆಯಿಡಲು ಮೂರು ಬುಟ್ಟಿಗಳನ್ನು ಹುಲ್ಲು ಹಾಸಿ ಇಟ್ಟಿದ್ದೇನೆ. ಅದಕ್ಕೆ ಬೇಕಾದದ್ದು ಮೂಲೆಯ ಹಳೆಯ ಬುಟ್ಟಿಯೊಂದೇ. ಅದರಲ್ಲಿ ಕೆಂಪಿ ಕುಳಿತಿದ್ದರೆ, ಪಕ್ಕದ ಎರಡು ಬುಟ್ಟಿಗಳು ಬರಿದಾಗಿದ್ದರೂ ಚುಕ್ಕಿ ಅತ್ತಿಂದಿತ್ತ ಅಡ್ಡಾಡುತ್ತ ಗೊಣಗುತ್ತಿರುತ್ತದೆ. ಕೊನೆಗೆ ಮೊಟ್ಟೆಯಿಟ್ಟಿತೆಂದರೆ ಅದರ ಡಂಗುರ ಬೀದಿಯ ತುದಿಯವರೆಗೂ ಕೇಳಿಸುತ್ತದೆ. ಹುಂಜವೋ ದೊಡ್ಡ ಉದಾರಿ. ಹುಳುವೊಂದು ಸಿಕ್ಕಿದರೆ ತಾನು ತಿನ್ನದೆ, ಅದನ್ನು ಎತ್ತಿ ಎತ್ತಿ ಕೆಡವುತ್ತ, ‘ಕೊಕ್ ಕೊಕ್’ ಎಂದು ಹೇಂಟೆಗಳನ್ನು ಕರೆಯುತ್ತದೆ. ಕೆಲವೊಮ್ಮೆ ಏನೂ ಇಲ್ಲದೆಯೂ ಹಾಗೆಯೇ ಕರೆದು ಮೋಸಮಾಡುವುದುಂಟು!

ಮೊದಲ ವಾರ ಕೆಂಪಿ ಬೂದಿಗುಂಡಿಯಲ್ಲಿ ಕಾಲು ಚಾಚಿ, ಪಕ್ಕಕ್ಕೆ ಬಿದ್ದುಕೊಂಡಿದ್ದುದನ್ನು ಕಂಡು ಸತ್ತೇಹೋಯಿತೆಂದು ಗಾಬರಿಯಿಂದ ಓಡಿದೆ. ಅದು ಎದ್ದು ಮೈಯನ್ನು ಒದರಿ, ಬೂದಿಯನ್ನೆಲ್ಲ ನನ್ನ ಪಂಚೆಯ ಮೇಲೆ ಚೆಲ್ಲಿತು. ಅದು ಧೂಳಿನ ಸ್ನಾನ. ಗರಿಗಳ ಅತಿಯಾದ ಜಿಡ್ಡನ್ನೂ ಹೇನುಗಳನ್ನೂ ಕಳೆದುಕೊಳ್ಳಲು ಕೋಳಿಗಳಿಗೆ ನಿಸರ್ಗವೇ ಕಲಿಸಿದ ವಿಧಾನ. ಅವುಗಳ ಕೂಗಿನಲ್ಲಿಯೂ ಹೀಗೆಯೇ ಅರ್ಥವಿದೆ. ಆಕಾಶದಲ್ಲಿ ಗಿಡುಗ ಕಾಣಿಸಿದರೆ ಹುಂಜ ಕೊಡುವ ಎಚ್ಚರಿಕೆಯೇ ಬೇರೆ, ನೆಲದ ಮೇಲೆ ನಾಯಿ ಬಂದರೆ ಕೊಡುವ ಎಚ್ಚರಿಕೆಯೇ ಬೇರೆ. ಮೊದಲನೆಯದನ್ನು ಕೇಳಿದರೆ ಹೇಂಟೆಗಳು ಅಡಗಿ ಕೂರುತ್ತವೆ. ಎರಡನೆಯದನ್ನು ಕೇಳಿದರೆ ಕತ್ತೆತ್ತಿ ನಿಂತು ಸುತ್ತಲೂ ನೋಡುತ್ತವೆ.

ಸಂಜೆ ಕಾಳು ಚೆಲ್ಲಿದಾಗ ಯಾವಾಗಲೂ ಚುಕ್ಕಿಗೇ ಅಗ್ರಸ್ಥಾನ. ಕೆಂಪಿ ಮುಂದೆ ಬಂದರೆ ತಲೆಯ ಮೇಲೊಂದು ಕುಕ್ಕು ಬೀಳುತ್ತದೆ. ಈ ಬಗೆಯ ತಾರತಮ್ಯವನ್ನು ಶಾಸ್ತ್ರೀಯವಾಗಿ ಮೊದಲು ವಿವರಿಸಿದವನು ನಾರ್ವೆ ದೇಶದ ತೊರ್ಲೀಫ್ ಶೆಲ್ಡೆರುಪ್-ಎಬ್ಬೆ. ಬಾಲಕನಾಗಿದ್ದಾಗಲೇ ಅವನು ಕೋಳಿಗಳ ನಡುವೆ ಗಂಟೆಗಟ್ಟಲೆ ಕಳೆದು, ಯಾವುದು ಯಾವುದನ್ನು ಕುಕ್ಕುತ್ತದೆ ಎಂದು ಬರೆದಿಡುತ್ತಿದ್ದನು. ಆ ನೋಟದ ಫಲವಾಗಿ, ಕೋಳಿಗಳು ಒಂದೊಂದನ್ನೂ ಗುರುತಿಸಿ, ತಮ್ಮೊಳಗೆ ಮೇಲು ಕೀಳಿನ ಒಂದು ಸಾಲನ್ನು ಏರ್ಪಡಿಸಿಕೊಳ್ಳುತ್ತವೆಂದು 1921ರಲ್ಲಿ ತನ್ನ ಪ್ರಬಂಧದಲ್ಲಿ ತೋರಿಸಿಕೊಟ್ಟನು. ಇದನ್ನು ಓದಿದಾಗ ನನಗೆ ಕಡೆಯ ಬೆಂಚಿನ ಹುಡುಗನು ನೆನಪಾದನು.

ಅದೇ ಮಳೆಗಾಲದಲ್ಲಿ ಕೆಂಪಿ ಕಾವಿಗೆ ಕುಳಿತಿತು. 21 ದಿನಗಳವರೆಗೆ ಮಡಿಲಿನ ಆಸೆಯನ್ನೂ ತೊರೆದು, ಮೇವಿಗಾಗಿ ಸ್ವಲ್ಪ ಹೊತ್ತು ಮಾತ್ರ ಏಳುತ್ತ, ಕೊಕ್ಕಿನಿಂದ ಮೊಟ್ಟೆಗಳನ್ನು ತಿರುವಿಹಾಕುತ್ತ ಕಾದಿತು. ಕೊನೆಯ ದಿನ ಕಿವಿಗೊಟ್ಟು ಕೇಳಿದಾಗ, ಚಿಪ್ಪಿನೊಳಗಿನಿಂದಲೇ ಮರಿಗಳ ಸಣ್ಣ ದನಿ; ಅದಕ್ಕೆ ತಾಯಿಯ ಮೆಲುದನಿಯ ಉತ್ತರ. ಮರಿಗಳು ಹೊರಬಂದ ಮೇಲೆ ಕೆಂಪಿ ಅವುಗಳನ್ನು ತಿಪ್ಪೆಯ ಬಳಿಗೆ ಕರೆದೊಯ್ದು, ಎರಡು ಹೆಜ್ಜೆ ಕೆದರಿ, ಹಿಂದೆ ಸರಿದು, ಸಿಕ್ಕಿದ ಕಾಳನ್ನು ಕುಕ್ಕಿ ತೋರಿಸಿ, ‘ಕೊಕ್ ಕೊಕ್’ ಎಂದು ಕರೆಯಿತು. ಮರಿಯೊಂದು ಕಲ್ಲಿನ ಚೂರನ್ನು ಕುಕ್ಕುತ್ತಿದ್ದರೆ, ಅದರ ಮುಂದೆಯೇ ಮತ್ತೊಮ್ಮೆ ಕಾಳನ್ನು ಕುಕ್ಕಿ ತೋರಿಸಿತು. ಇದು ನನ್ನ ಕಲ್ಪನೆಯಲ್ಲ. 1996ರಲ್ಲಿ ಇಂಗ್ಲೆಂಡಿನ ಇಬ್ಬರು ಸಂಶೋಧಕರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಒಂದು ಬಣ್ಣದ ಮೇವು ರುಚಿ, ಮತ್ತೊಂದು ಬಣ್ಣದ್ದು ಅರುಚಿ ಎಂದು ತಾಯಿಕೋಳಿಗಳಿಗೆ ಮೊದಲು ತಿಳಿಯಗೊಡಲಾಯಿತು. ಮರಿಗಳು ಅರುಚಿಯ ಬಣ್ಣದ ಮೇವನ್ನು ತಿನ್ನುತ್ತಿರುವಂತೆ ಕಂಡಾಗ, ತಾಯಿಯರು ಕುಕ್ಕಿ ಕೆದರಿ ತೋರಿಸುವುದನ್ನು ಹೆಚ್ಚಿಸಿದುವು!

ತಿಪ್ಪೆಯ ಬಳಿ ನಿಂತಿದ್ದ ನನಗೆ ನಾಚಿಕೆಯಾಯಿತು. ಅಂದು ಆ ಹುಡುಗನು ಹೇಳಿದ್ದು ಅಕ್ಷರಶಃ ನಿಜ. ಅವನು ಕಣ್ಣಾರೆ ಕಂಡುದನ್ನು ಹೇಳಿದನು; ಕಾಣದಿದ್ದ ನಾನು ನಕ್ಕೆ. ಒಂದು ಜೀವವನ್ನು ದಡ್ಡವೆಂದು ಕರೆಯುವುದು ಸುಲಭ. ಅದಕ್ಕೆ ನೋಡುವ ಶ್ರಮವೇ ಬೇಕಿಲ್ಲ. ಮರಿ ತಪ್ಪಿದಾಗ ಕೋಳಿ ಅದನ್ನು ಹಾಸ್ಯಮಾಡಲಿಲ್ಲ, ಗಾದೆ ಹೇಳಲಿಲ್ಲ, ಇನ್ನೊಮ್ಮೆ ತೋರಿಸಿಕೊಟ್ಟಿತು. ಮೂರು ದಶಕಗಳ ಅನುಭವವಿದ್ದ ನನಗೆ ತಿಳಿಯದಿದ್ದ ಬೋಧನಕ್ರಮ ಅದಕ್ಕೆ ತಿಳಿದಿತ್ತು.

ಆ ಹುಡುಗನು ಈಗ ಎಲ್ಲಿರುವನೋ ನನಗೆ ತಿಳಿಯದು. ನಾನು ಆ ಗಾದೆಯನ್ನು ಮಾತ್ರ ಬಿಟ್ಟಿದ್ದೇನೆ. ಗೆಜ್ಜೆ ಕಟ್ಟಿದರೂ ಕೋಳಿ ತಿಪ್ಪೆ ಕೆದರುವುದನ್ನು ಬಿಡುವುದಿಲ್ಲವೆಂಬುದೇನೋ ದಿಟ. ಆದರೆ ಏಕೆ ಬಿಡಬೇಕು? ಅದರ ಹಿಂದೆ ಕಲಿಯುವ ಮರಿಗಳಿವೆ.