ಏಳುವ ಹೊತ್ತನ್ನು ಮೊದಲು ಕಟ್ಟಿಹಾಕು

ಪ್ರೀತಿಯ ಪುಟ್ಟೀ,

ಇಂಟರ್ನಲ್ಸ್ ಬಂತೆಂದರೆ ನಿಮ್ಮ ಹಾಸ್ಟೆಲ್ಲಿನಲ್ಲಿ ಬೆಳಗಿನ ಜಾವ ಮೂರರವರೆಗೂ ಯಾರೂ ಲೈಟು ಆರಿಸುವುದಿಲ್ಲವಂತೆ. ನಿನ್ನಮ್ಮ ಹೇಳಿದಳು. ಕೋಳಿ ಕೂಗುವ ಮುಂಚೆ ಏಳು ಅಂತ ಉಪದೇಶ ಮಾಡಲು ನಾನು ಕೂತಿಲ್ಲ. ನಿಮ್ಮ ವಯಸ್ಸಿನಲ್ಲಿ ಮೈಯ ಗಡಿಯಾರವೇ ಹಿಂದೆ ಬಿದ್ದಿರುತ್ತದೆ. ಮೆಲಟೋನಿನ್ ಏರುವುದೇ ತಡ. ಹತ್ತಕ್ಕೆ ಕಣ್ಣು ಮುಚ್ಚದಿದ್ದರೆ ಅದು ನಿನ್ನ ಉಡಾಫೆಯೇನಲ್ಲ. ಅಜ್ಜಿ ಇದನ್ನು ಒಪ್ಪುವುದಿಲ್ಲ, ಬಿಡು.

ನನ್ನ ತಕರಾರು ಬೇರೆ. ನಿದ್ದೆಯಿಂದ ಕದ್ದ ಹೊತ್ತು ಓದಿಗೆ ಸಲ್ಲುವುದಿಲ್ಲ. ಓದಿದ್ದನ್ನು ಮಿದುಳು ಮೊದಲು ಹಿಪೊಕ್ಯಾಂಪಸ್ ಎಂಬ ಭಾಗದ ನೆರವಿನಿಂದ ಹಿಡಿದಿಟ್ಟುಕೊಳ್ಳುತ್ತದೆ. ಗಾಢ ನಿದ್ದೆಯಲ್ಲಿ ಅದನ್ನೇ ಮತ್ತೆ ಮತ್ತೆ ತಿರುವಿಹಾಕಿ ಗಟ್ಟಿ ಮಾಡಿಕೊಳ್ಳುತ್ತದೆ. ಪರೀಕ್ಷಾ ಕೊಠಡಿಗಳಲ್ಲಿ ಚಪ್ಪಲಿ ಸವೆಸಿದವನು ನಾನು. ರಾತ್ರಿಯೆಲ್ಲ ಓದಿ ಬಂದವರನ್ನು ಬಾಗಿಲಲ್ಲೇ ಗುರುತು ಹಿಡಿಯುತ್ತಿದ್ದೆ. ತಮ್ಮ ರಿಜಿಸ್ಟರ್ ನಂಬರನ್ನೇ ತಪ್ಪು ಬರೆದು ಪೆಚ್ಚಾಗುವವರು, ಪ್ರಶ್ನೆಯನ್ನು ನಾಲ್ಕು ಸಲ ಓದಿಯೂ ಪೆನ್ನು ಎತ್ತದವರು. ಹೊರಗೆ ಬಂದ ಮೇಲೆ ಎಲ್ಲರದೂ ಒಂದೇ ಮಾತು: “ಸಾರ್, ಗೊತ್ತಿತ್ತು, ಬರೆಯೋಕೆ ಹೋದ್ರೆ ಬರ್ಲೇ ಇಲ್ಲ.”

1964ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ ರ‍್ಯಾಂಡಿ ಗಾರ್ಡ್‌ನರ್ ಎಂಬ ಹದಿನೇಳರ ಹುಡುಗ ಶಾಲೆಯ ವಿಜ್ಞಾನ ಪ್ರಯೋಗಕ್ಕೆಂದು 264 ಗಂಟೆ ಎಚ್ಚರವಿದ್ದ. ಕೊನೆಯ ಹೊತ್ತಿಗೆ, ನೂರರಿಂದ ಏಳೇಳು ಕಳೆಯುತ್ತಾ ಹೋಗು ಎಂದರೆ 65ಕ್ಕೆ ನಿಂತುಬಿಟ್ಟ. ಏಕೆ ನಿಂತೆ ಎಂದು ಕೇಳಿದರೆ, ಏನು ಮಾಡುತ್ತಿದ್ದೆನೆಂಬುದೇ ಮರೆತುಹೋಗಿತ್ತು.

ಇನ್ನು ನಿಮ್ಮ ಮೆಸ್ಸಿನ ಕಾಫಿ. ಕೆಮಿಸ್ಟ್ರಿ ಮೇಷ್ಟ್ರಾಗಿ ಇಲ್ಲಿ ಬಾಯಿ ಮುಚ್ಚಿಕೊಂಡಿರಲಾರೆ. ಎಚ್ಚರವಿದ್ದಷ್ಟೂ ಮಿದುಳಿನಲ್ಲಿ ಅಡೆನೊಸಿನ್ ಹೆಚ್ಚುತ್ತಾ ಕಣ್ಣೆಳೆಯುತ್ತದೆ. ಕೆಫೀನ್ ಅದನ್ನೇನೂ ಕರಗಿಸುವುದಿಲ್ಲ; ಬಸ್ಸಿನಲ್ಲಿ ಕರ್ಚೀಫು ಹಾಕಿ ಸೀಟು ಹಿಡಿದ ಹಾಗೆ, ಅದು ಕೂರಬೇಕಾದ ಜಾಗವನ್ನು ತಾನು ಹಿಡಿಯುತ್ತದೆ, ಅಷ್ಟೆ. ಕುಡಿದದ್ದರಲ್ಲಿ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಏಳರ ಕಾಫಿ ನಡುರಾತ್ರಿಯಲ್ಲೂ ಅರ್ಧ ಒಳಗೇ ಇರುತ್ತದೆ.

ವಾರದ ಸಾಲವನ್ನು ಭಾನುವಾರ ತೀರಿಸುತ್ತೇನೆ ಅನ್ನಬೇಡ. ಅಂದು ಮಧ್ಯಾಹ್ನದವರೆಗೆ ಬಿದ್ದುಕೊಂಡರೆ ರಾತ್ರಿ ನಿದ್ದೆ ಹತ್ತಿರ ಸುಳಿಯದು. ಸೋಮವಾರ ಮೊದಲ ಪೀರಿಯಡ್ಡಿಗೆ ಚಕ್ಕರ್, ಕೊನೆಗೆ ಅಟೆಂಡೆನ್ಸ್ ಶಾರ್ಟೇಜ್ ಅಂತ ಎಚ್ಒಡಿ ಮುಂದೆ ಕೈಕಟ್ಟಿ ನಿಲ್ಲುವುದು. ಮಲಗುವ ಹೊತ್ತಿನ ಜೊತೆ ಗುದ್ದಾಡಬೇಡ. ಏಳುವ ಹೊತ್ತು ಗೊತ್ತುಮಾಡು. ಭಾನುವಾರ ಬೇಕಾದರೆ ಒಂದು ಗಂಟೆ ರಿಯಾಯಿತಿ. ಎದ್ದ ಕೂಡಲೇ ಟೆರೇಸಿಗೆ ಹೋಗಿ ಬಿಸಿಲಿಗೆ ಮೈಯೊಡ್ಡು. ನಿನ್ನ ವಯಸ್ಸಿಗೆ 7ರಿಂದ 9 ಗಂಟೆ ನಿದ್ದೆ ಬೇಕು. ಅದನ್ನು ಏಳುವ ಹೊತ್ತಿನಿಂದ ಹಿಂದಕ್ಕೆ ಎಣಿಸು. ಫೋನ್ ಚಾರ್ಜರ್ ಮಂಚಕ್ಕೆ ಎಟುಕದಂತಿರಲಿ.

ಇಷ್ಟಾದರೂ ವಾರಗಟ್ಟಲೆ ನಿದ್ದೆ ಹತ್ತದೆ, ಮನಸ್ಸಿನಲ್ಲಿ ಏನಾದರೂ ಕೊರೆಯುತ್ತಿದ್ದರೆ ಮುಚ್ಚಿಟ್ಟುಕೊಳ್ಳಬೇಡ. ಸರ್ಕಾರದ ಟೆಲಿ-ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಇಲ್ಲವೇ ನನಗೇ ಫೋನ್ ಮಾಡು. ರಾತ್ರಿ ಎರಡಾದರೂ ಸರಿ, ಈ ವಯಸ್ಸಿಗೆ ನನ್ನ ನಿದ್ದೆ ಹೇಗೂ ಕೋಳಿನಿದ್ದೆ.

ಇತಿ,
ನಿನ್ನ ದೊಡ್ಡಪ್ಪ