ನಾಯಿ ಹಿಂಭಾಗ ಉಜ್ಜುತ್ತಿದೆಯೇ? ಹುಳದ ಮಾತ್ರೆಗೆ ಮೊದಲು ಬಾಲ ಎತ್ತಿ ನೋಡಿ

ನಾಯಿ ಹಿಂಗಾಲನ್ನು ಮುಂದಕ್ಕೆ ಚಾಚಿ, ಕುಂಡಿಯನ್ನು ನೆಲಕ್ಕೆ ಉಜ್ಜುತ್ತಾ ಹಜಾರದುದ್ದಕ್ಕೂ ಎಳೆದುಕೊಂಡು ಹೋದರೆ ನಮ್ಮ ಮನೆಗಳಲ್ಲಿ ಬರುವ ಮೊದಲ ಮಾತು ‘ಹುಳ ಆಗಿರಬೇಕು’. ಮೆಡಿಕಲ್ ಶಾಪಿನಿಂದ ಜಂತುಹುಳದ ಮಾತ್ರೆ ಬರುತ್ತದೆ. ಉಜ್ಜುವುದು ನಿಲ್ಲದಿದ್ದರೆ ಇನ್ನೊಂದು ಮಾತ್ರೆ. ಹುಳವೂ ಕಾರಣವಾಗಬಹುದು, ನಿಜ. ಆದರೆ ಎಷ್ಟೋ ಸಲ ತೊಂದರೆ ಇರುವುದು ಗುದದ್ವಾರದ ಪಕ್ಕದ ಎರಡು ಪುಟ್ಟ ಗ್ರಂಥಿಚೀಲಗಳಲ್ಲಿ. ಅತ್ತ ಯಾರೂ ನೋಡುವುದಿಲ್ಲ. ಕೀವು ತುಂಬಿ ಒಡೆದು, ರಕ್ತ ಸೋರಲು ಶುರುವಾದ ಮೇಲೆ ಗಾಬರಿಯಿಂದ ಆಸ್ಪತ್ರೆಗೆ ಓಡುತ್ತಾರೆ. ಅಷ್ಟು ದಿನ ಆ ಪ್ರಾಣಿ ನೋವು ತಿಂದಿರುತ್ತದೆ.

ಗುದದ್ವಾರವನ್ನು ಗಡಿಯಾರವೆಂದುಕೊಳ್ಳಿ. ನಾಲ್ಕು ಮತ್ತು ಎಂಟು ಗಂಟೆಯ ಜಾಗದಲ್ಲಿ, ಚರ್ಮದಡಿ ಒಂದೊಂದು ಚೀಲವಿದೆ. ಬೆಕ್ಕಿಗೂ ಹೀಗೆಯೇ. ಒಳಗೆ ಮೀನಿನಂತೆ ನಾರುವ ಹಳದಿ ಮಿಶ್ರಿತ ಕಂದು ದ್ರವ. ಗಟ್ಟಿ ಮಲ ಹೊರಬರುವಾಗ ಚೀಲಗಳ ಮೇಲೆ ಒತ್ತಡ ಬಿದ್ದು ಸ್ವಲ್ಪ ದ್ರವ ಸಣ್ಣ ನಾಳದ ಮೂಲಕ ಆಚೆ ಬರುತ್ತದೆ. ತನ್ನ ಗುರುತು ಬಿಡಲು ಪ್ರಾಣಿಗೆ ಅದು ಬೇಕು. ಮಲ ಪದೇ ಪದೇ ತೆಳ್ಳಗಾದರೆ ಈ ಒತ್ತಡ ಬೀಳುವುದಿಲ್ಲ. ದ್ರವ ಉಳಿದು ಮಂದವಾಗುತ್ತದೆ, ನಾಳ ಕಟ್ಟುತ್ತದೆ, ಸೋಂಕು ತಗಲುತ್ತದೆ, ಕೊನೆಗೆ ಕೀವುಗುಳ್ಳೆಯಾಗುತ್ತದೆ. ಬೊಜ್ಜು, ಚರ್ಮದ ಅಲರ್ಜಿ ಇರುವ ನಾಯಿಗಳಿಗೆ ಇದು ಬೇಗ ಬರುತ್ತದೆ. ಷಿಟ್ಜು, ಪಗ್, ಪಮೇರಿಯನ್‌ನಂಥ ಚಿಕ್ಕ ತಳಿಗಳಲ್ಲಂತೂ ಹೆಚ್ಚು.

ಮೊದಲು ನೋಡಿ

ಪ್ರಾಣಿ ಶಾಂತವಾಗಿರುವಾಗ, ಒಳ್ಳೆಯ ಬೆಳಕಿನಲ್ಲಿ ಒಬ್ಬರು ತಲೆಯ ಕಡೆ ಹಿಡಿದು ಮಾತಾಡಿಸುತ್ತಿರಲಿ, ಇನ್ನೊಬ್ಬರು ಬಾಲ ಎತ್ತಿ ನೋಡಲಿ. ಎರಡೂ ಬದಿ ಸಮವಾಗಿವೆಯೇ? ಒಂದು ಕಡೆ ಮಾತ್ರ ಉಬ್ಬಿದೆಯೇ, ಕೆಂಪಾಗಿದೆಯೇ? ಮೀನಿನ ವಾಸನೆ ಇದೆಯೇ? ಬಾಲದ ಬುಡವನ್ನು ಕಚ್ಚಿಕೊಂಡು ಕೂದಲು ಉದುರಿದೆಯೇ? ಮಲ ಹಾಕಲು ಕೂತು ಎದ್ದು, ಮತ್ತೆ ಕೂತು ಒದ್ದಾಡುತ್ತದೆಯೇ?

ಗುದದ ಸುತ್ತಲಿನ ಕೂದಲಿಗೆ ಒಣಗಿದ ಅಕ್ಕಿಕಾಳಿನಂಥ ತುಣುಕುಗಳು ಅಂಟಿದ್ದರೆ ಅದು ಲಾಡಿಹುಳ. ಎಲ್ಲ ಜಂತುಹುಳದ ಮಾತ್ರೆಗಳೂ ಇದಕ್ಕೆ ನಾಟುವುದಿಲ್ಲ. ಪ್ರಾಜಿಕ್ವಾಂಟೆಲ್ ಇರುವ ಔಷಧಿಯನ್ನು ತೂಕಕ್ಕೆ ತಕ್ಕಂತೆ ವೈದ್ಯರೇ ಕೊಡಬೇಕು. ಈ ಹುಳ ಹೆಚ್ಚಾಗಿ ಬರುವುದು ಚಿಗಟ ನುಂಗುವುದರಿಂದ. ಹಾಗಾಗಿ ಚಿಗಟ ಹೋಗದೆ ಹುಳ ಹೋಗದು.

ಬೆಕ್ಕಿನ ವಿಷಯ ಬೇರೆ. ನಾಯಿಯಷ್ಟು ಅದು ನೆಲಕ್ಕೆ ಉಜ್ಜುವುದಿಲ್ಲ. ಬಾಲದಡಿ, ಹೊಟ್ಟೆಯ ಕೆಳಗೆ ನೆಕ್ಕಿ ನೆಕ್ಕಿ ಕೂದಲು ಬೋಳಾಗಿಸಿಕೊಳ್ಳುತ್ತದೆ, ಮರಳಿನ ತಟ್ಟೆ ಬಿಟ್ಟು ಬೇರೆಲ್ಲೋ ಮಲ ಮಾಡುತ್ತದೆ. ಮನೆಯವರು ಅದನ್ನು ಕೆಟ್ಟ ಅಭ್ಯಾಸವೆಂದು ಗದರುತ್ತಾರೆ. ದಯವಿಟ್ಟು ಗದರಬೇಡಿ, ಬಾಲ ಎತ್ತಿ ನೋಡಿ.

ಅಂದೇ ಆಸ್ಪತ್ರೆಗೆ ಹೋಗಬೇಕಾದದ್ದು

ಒಂದು ಬದಿ ಕೆಂಪಾಗಿ ಅಥವಾ ನೇರಳೆಯಾಗಿ ಊದಿ ಬಿಸಿಯಾಗಿದ್ದರೆ, ಕೀವು ಅಥವಾ ರಕ್ತ ಬರುತ್ತಿದ್ದರೆ, ಊಟ ಬಿಟ್ಟು ಮಂಕಾಗಿ ಮಲಗಿದ್ದರೆ ಕಾಯಬೇಡಿ. ಒತ್ತಲೂ ಬೇಡಿ, ಕೀವು ಒಳಗಿನ ಮಾಂಸಕ್ಕೆ ಹರಡೀತು. ಹೊರಡುವ ಮುನ್ನ ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹತ್ತು ನಿಮಿಷ ಇಡಬಹುದು. ನೆಕ್ಕದಂತೆ ಕತ್ತಿಗೆ ಕೋನ್ ಕಾಲರ್ ಹಾಕಿ. ನೋವಿನಲ್ಲಿರುವ ನಾಯಿ ಯಜಮಾನನನ್ನೂ ಕಚ್ಚುತ್ತದೆ. ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ವೈದ್ಯರನ್ನು ಕಾಣಿ.

ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಲೇಬೇಡಿ, ಬೆಕ್ಕಿಗೆ ಒಂದೇ ಮಾತ್ರೆ ಪ್ರಾಣಾಂತಿಕವಾಗಬಹುದು. ಐಬುಪ್ರೊಫೇನ್ ನಾಯಿ, ಬೆಕ್ಕು ಎರಡಕ್ಕೂ ಅಪಾಯ. ಫಿನಾಯಿಲ್ ಜಾತಿಯ ಸೋಂಕುನಾಶಕಗಳೂ ಬೆಕ್ಕಿಗೆ ವಿಷ.

ಆಸ್ಪತ್ರೆಯಲ್ಲಿ ಚೀಲ ಖಾಲಿ ಮಾಡುತ್ತಾರೆ. ಕಟ್ಟಿಕೊಂಡಿದ್ದರೆ ಮಂಪರಿನ ಚುಚ್ಚುಮದ್ದು ಕೊಟ್ಟು ತೊಳೆದು ಔಷಧಿ ತುಂಬುತ್ತಾರೆ. ಕೀವುಗುಳ್ಳೆ ಕೊಯ್ದು ಬಿಟ್ಟರೆ ಗಾಯವನ್ನು ಸಾಮಾನ್ಯವಾಗಿ ಹೊಲಿಯುವುದಿಲ್ಲ, ಸೋರಿ ಒಳಗಿಂದ ಮಾಯಬೇಕು. ಹೆಬ್ಬಾಳ, ಬೀದರ್, ಹಾಸನ, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲೂ ನಾಯಿ, ಬೆಕ್ಕುಗಳಿಗೆ ಚಿಕಿತ್ಸೆ ಇದೆ.

ಮನೆಯಲ್ಲಿ ಒತ್ತಬಹುದೇ?

ಆರೋಗ್ಯವಾಗಿರುವ ಪ್ರಾಣಿಗೆ ಬೇಕಿಲ್ಲ. ಗ್ರೂಮಿಂಗ್‌ಗೆ ಬಿಟ್ಟಾಗ ಸ್ನಾನದ ಜೊತೆಗೇ ಚೀಲ ಒತ್ತುವುದು ಎಷ್ಟೋ ಕಡೆ ರೂಢಿ. ‘ಇದು ಬೇಡ’ ಎಂದು ಮೊದಲೇ ಹೇಳಿ. ಸುಮ್ಮನೆ ಪದೇ ಪದೇ ಒತ್ತಿದರೆ ನಾಳ ಉರಿದು ಊದಿಕೊಂಡು, ಇಲ್ಲದ ಕಾಯಿಲೆ ಬರುತ್ತದೆ.

ನಾಯಿಗೆ ಮತ್ತೆ ಮತ್ತೆ ತುಂಬುತ್ತಿದ್ದು, ವೈದ್ಯರು ನಿಮ್ಮ ಕೈಯಲ್ಲೇ ಮಾಡಿಸಿ ಕಲಿಸಿದ್ದರೆ ಮಾತ್ರ ಮನೆಯಲ್ಲಿ ಮಾಡಿ. ಗ್ಲೌಸ್ ಹಾಕಿ, ಬಾಲವನ್ನು ನೇರ ಮೇಲಕ್ಕೆತ್ತಿ. ಹೆಬ್ಬೆರಳು, ತೋರುಬೆರಳನ್ನು ಎರಡೂ ಚೀಲಗಳ ಆಚೆಬದಿ ಇಟ್ಟು, ದಪ್ಪ ಹತ್ತಿಯನ್ನು ಗುದದ ಮುಂದೆ ಹಿಡಿದು, ಒಳಗಿಂದ ಹೊರಕ್ಕೆ ಮೆಲ್ಲಗೆ ಅದುಮಿ. ಮುಖ ಪಕ್ಕಕ್ಕಿರಲಿ, ದ್ರವ ಪಿಚಕ್ಕನೆ ಹಾರುತ್ತದೆ. ತೆಳ್ಳಗಿನ ಕಂದು ದ್ರವ ಬಂದರೆ ಸರಿ. ಬೂದು ಬಣ್ಣದ ಮುದ್ದೆ, ಹಸಿರು ಕೀವು, ರಕ್ತ ಕಂಡರೆ ಅಥವಾ ಏನೂ ಬಾರದಿದ್ದರೆ ಅಲ್ಲಿಗೇ ನಿಲ್ಲಿಸಿ. ಬೆಕ್ಕಿಗೆ ಮನೆಯಲ್ಲಿ ಈ ಪ್ರಯತ್ನ ಬೇಡ.

ತಟ್ಟೆಯಲ್ಲಿರುವ ಮದ್ದು

ಒತ್ತಿ ಖಾಲಿ ಮಾಡುವುದು ತಾತ್ಕಾಲಿಕ. ಮಲ ಗಟ್ಟಿಯಾಗದೆ ತೊಂದರೆ ನಿಲ್ಲುವುದಿಲ್ಲ. ನಮ್ಮಲ್ಲಿ ನಾಯಿಯ ಊಟವೆಂದರೆ ಹಾಲನ್ನ, ಇಲ್ಲವೇ ಹಾಲಲ್ಲಿ ನೆನೆಸಿದ ಬ್ರೆಡ್ಡು. ಬೆಳೆದ ಅನೇಕ ನಾಯಿಗಳಿಗೆ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ. ಎರಡು ವಾರ ಹಾಲು ನಿಲ್ಲಿಸಿ ನೋಡಿ, ವ್ಯತ್ಯಾಸ ಕಾಣಬಹುದು. ಉಳಿದ ಹುಳಿ, ಸಾರು ಕಲಸುವುದೂ ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿ, ಬೆಕ್ಕಿನ ರಕ್ತಕಣಗಳನ್ನು ನಾಶ ಮಾಡುತ್ತವೆ. ಉಪ್ಪು, ಮಸಾಲೆ ಇಲ್ಲದೆ ಬೇಯಿಸಿ ಮಸೆದ ಸಿಹಿಗುಂಬಳವನ್ನು ಚಿಕ್ಕ ನಾಯಿಗೆ ಒಂದೆರಡು ಚಮಚ ಊಟದಲ್ಲಿ ಬೆರೆಸಿ. ಇಸಬ್‌ಗೋಲ್ ಬಳಸುವುದಾದರೆ ವೈದ್ಯರು ಹೇಳಿದ ಪ್ರಮಾಣದಲ್ಲಿ, ಚೆನ್ನಾಗಿ ನೀರು ಬೆರೆಸಿ ಕೊಡಿ. ಬೊಜ್ಜಿದ್ದರೆ ಊಟ ಕಡಿಮೆ ಮಾಡಿ ನಡೆದಾಡಿಸಿ. ಇಷ್ಟಾದರೂ ತಿಂಗಳು ತಿಂಗಳೂ ಮರುಕಳಿಸಿ, ಜೊತೆಗೆ ಕಾಲು ನೆಕ್ಕುವುದು, ಕಿವಿ ಕೆರೆಯುವುದು ಇದ್ದರೆ ಅಲರ್ಜಿಗೆ ಚಿಕಿತ್ಸೆ ಬೇಕು.

ಯಾವುದಕ್ಕೂ ಬಗ್ಗದಿದ್ದರೆ ಚೀಲಗಳನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆಯಬಹುದು. ಮಲ ತಡೆಯುವ ಸ್ನಾಯುವಿನ ನಡುವೆಯೇ ಇರುವುದರಿಂದ ಅದಕ್ಕೆ ಪಳಗಿದ ಕೈ ಬೇಕು, ಎಚ್ಚರ ತಪ್ಪಿದರೆ ಮಲದ ಹಿಡಿತ ಹೋಗುವ ಅಪಾಯವಿದೆ.

ವಯಸ್ಸಾದ ನಾಯಿಯ ಮನೆಯವರು ಇನ್ನೊಂದನ್ನು ಗಮನಿಸಬೇಕು. ಒಂದೇ ಕಡೆ ಗಟ್ಟಿ ಗಂಟು, ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ ಇದ್ದರೆ ಅದು ಈ ಗ್ರಂಥಿಯ ಕ್ಯಾನ್ಸರ್ ಇರಬಹುದು. ಈ ಗಡ್ಡೆ ಕೆಲವೊಮ್ಮೆ ರಕ್ತದ ಕ್ಯಾಲ್ಸಿಯಂ ಏರಿಸುವುದರಿಂದ ನೀರಡಿಕೆ ಹೆಚ್ಚುತ್ತದೆ. ಗಡ್ಡೆ ಚಿಕ್ಕದಿದ್ದಾಗ ಹೊರಗೆ ಕಾಣುವುದೇ ಇಲ್ಲ. ಆದ್ದರಿಂದ ವರ್ಷದ ಲಸಿಕೆಗೆ ಕರೆದೊಯ್ದಾಗ, ಗುದದೊಳಗೆ ಬೆರಳಿಟ್ಟು ಎರಡೂ ಚೀಲಗಳನ್ನು ಪರೀಕ್ಷಿಸುವಂತೆ ವೈದ್ಯರನ್ನು ಬಾಯಿಬಿಟ್ಟು ಕೇಳಿ. ಒಂದು ನಿಮಿಷದ ಕೆಲಸ ಅದು.